ಮುಳ್ಳಯ್ಯನಗಿರಿಯ ಮುಂದೆ ಕೂತ ಮೋನಾಲಿಸಾ ನಕಲಾ?

ಚಿಕ್ಕಮಗಳೂರಿನ ಒಂದು ಕಾಫಿ ಅಂಗಡಿಯ ಗೋಡೆಯ ಮೇಲೆ ಮೋನಾಲಿಸಾ ಇಳಕಲ್ ಸೀರೆ ಉಟ್ಟು ಕೂತಿದ್ದಾಳೆ. ಆಳೆತ್ತರಕ್ಕಿಂತ ದೊಡ್ಡ ಚಿತ್ರ. ಹಿಂದೆ ಇಟಲಿಯ ಬೆಟ್ಟಗಳ ಜಾಗದಲ್ಲಿ ಮುಳ್ಳಯ್ಯನಗಿರಿ ಇದೆ. ಪಕ್ಕದಲ್ಲಿ ಹಿತ್ತಾಳೆಯ ಲೋಟ, ಅದರಿಂದ ಹಬೆ ಏಳುತ್ತಿದೆ. ಬಂದವರು ಅವಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಅಲ್ಲಿದ್ದ ಅರ್ಧ ಗಂಟೆಯಲ್ಲಿ ಮೂರು ಗುಂಪು ಬಂತು. ಮೂರರಲ್ಲೂ ಒಬ್ಬರಲ್ಲ ಒಬ್ಬರು ಅದೇ ಮಾತು ಹೇಳಿದರು: "ಚೆನ್ನಾಗಿದೆ, ಆದ್ರೆ ಕಾಪಿ ಅಲ್ವಾ?"

ಈ ಪ್ರಶ್ನೆ ಈಗ ನಮ್ಮ ಕಡೆ ತುಂಬಾ ಕೇಳಿಬರುತ್ತಿದೆ. ಹಾಸನ, ಸಕಲೇಶಪುರ, ಮೂಡಿಗೆರೆ ಸುತ್ತ ಹೋಂಸ್ಟೇ, ರೆಸಾರ್ಟ್, ಕಾಫಿ ಅಂಗಡಿಗಳು ಜಾಸ್ತಿ ಆದಂತೆ ಗೋಡೆ ಚಿತ್ರಗಳೂ ಜಾಸ್ತಿ ಆಗಿವೆ. ವ್ಯಾನ್ ಗಾಗ್‌ನ ನಕ್ಷತ್ರಗಳ ರಾತ್ರಿ ಕಾಫಿ ತೋಟದ ಮೇಲೆ ಇಳಿದಿದೆ. ರವಿವರ್ಮನ ಹೆಂಗಸರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದಾರೆ. ಇದರ ಜೊತೆಗೆ, ಮೊಬೈಲ್‌ನಲ್ಲಿ ಎರಡು ಸಾಲು ಬರೆದರೆ ಯಾವ ಹಳೆಯ ಚಿತ್ರವನ್ನಾದರೂ ಹೊಸ ವೇಷದಲ್ಲಿ ಕೊಡುವ ಎಐ ಬಂದಿದೆ. ಹಳೆಯ ಚಿತ್ರವನ್ನು ಕಲಾವಿದ ತನ್ನ ರೀತಿಯಲ್ಲಿ ಮತ್ತೆ ಬರೆದರೆ ಅದು ಯಾರದ್ದು? ಎಲ್ಲಿಯವರೆಗೆ ಅದು ನಕಲು, ಎಲ್ಲಿಂದ ಹೊಸ ಕೃತಿ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬರೆದವರು ಹಳೆಯ ಚಿತ್ರವನ್ನು ನಿಜವಾಗಿ ನೋಡಿದ್ದಾರಾ ಎಂದು ನಾನು ಮೊದಲು ಹುಡುಕುತ್ತೇನೆ. ನೋಡಿದವರ ಚಿತ್ರದಲ್ಲಿ ಅದು ಕಾಣುತ್ತದೆ. ನೋಡದವರ ಚಿತ್ರದಲ್ಲಿ ಅದೂ ಕಾಣುತ್ತದೆ.

ಕಾಫಿ ಅಂಗಡಿಯ ಮೋನಾಲಿಸಾಳನ್ನೇ ತೆಗೆದುಕೊಳ್ಳಿ. ಲಿಯೊನಾರ್ಡೊನ ಮೂಲ ಚಿತ್ರದಲ್ಲಿ ಅವಳ ಹಿಂದಿನ ನೋಟ ಎರಡು ಬದಿಯಲ್ಲಿ ಒಂದೇ ಮಟ್ಟಕ್ಕೆ ಇಲ್ಲ. ನಮ್ಮ ಎಡಗಡೆ ದಿಗಂತ ಕೆಳಗಿದೆ, ಬಲಗಡೆ ಮೇಲಿದೆ. ಸುಮ್ನೆ ನೋಡಿದರೆ ಇದು ಗೊತ್ತಾಗುವುದಿಲ್ಲ. ತಲೆ ಅಡ್ಡ ಬಂದಿರುವುದರಿಂದ ಎರಡೂ ಕಡೆ ಸೇರಿಕೊಳ್ಳುತ್ತದೆ ಎಂದು ಕಣ್ಣು ನಂಬಿಬಿಡುತ್ತದೆ. ನಮ್ಮ ಗೋಡೆಯ ಮೇಲೆ ಎಡಕ್ಕೆ ಅಯ್ಯನಕೆರೆಯ ನೀರು ಕೆಳಗೆ ಮಲಗಿದೆ, ಬಲಕ್ಕೆ ಗಿರಿಯ ನೆತ್ತಿ ಮೇಲಿದೆ. ಮೂಲದಲ್ಲಿ ಎಡಗಡೆ ಒಂದು ಅಂಕುಡೊಂಕು ದಾರಿ ಇದೆ. ಇಲ್ಲಿ ಅದು ಕೈಮರದಿಂದ ಮೇಲೆ ಹೋಗುವ ತಿರುವುಗಳ ರಸ್ತೆ ಆಗಿದೆ. ಇನ್ನು ಕೈ. ಮೂಲದಲ್ಲಿ ಅವಳ ಬಲಗೈ ಎಡಗೈ ಮಣಿಕಟ್ಟಿನ ಮೇಲೆ ಮೆತ್ತಗೆ ಕೂತಿದೆ. ಇಲ್ಲೂ ಹಾಗೇ ಇದೆ. ಕಾಫಿ ಲೋಟ ಕೈಯಲ್ಲಿಲ್ಲ, ಕುರ್ಚಿಯ ತೋಳಿನ ಮೇಲಿದೆ.

ಈ ಚಿತ್ರ ಬರೆದ ಹುಡುಗ ಆಮೇಲೆ ಹಾಸನದಲ್ಲಿ ಇನ್ನೊಂದು ಗೋಡೆ ಮುಂದೆ ಸಿಕ್ಕ. ಸಾರುವೆ ಮೇಲೆ ಕೂತು ಎಮಲ್ಷನ್‌ಗೆ ಸ್ಟೇನರ್ ಕಲೆಸುತ್ತಿದ್ದ. ಅವರಪ್ಪ ಅಂಗಡಿ ಬೋರ್ಡ್ ಬರೆಯುತ್ತಿದ್ದವರು, ಫ್ಲೆಕ್ಸ್ ಬಂದ ಮೇಲೆ ಕೆಲಸ ಬಿಟ್ಟವರು. ಇವನು ಹೈಸ್ಕೂಲಿನಲ್ಲೇ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಮುಗಿಸಿದ್ದ. ಲೋಟ ಯಾಕೆ ಕೈಗೆ ಕೊಡಲಿಲ್ಲ ಎಂದು ಕೇಳಿದೆ.

"ಓನರ್ ಕೈಗೇ ಕೊಡಿ ಅಂದ್ರು ಸಾರ್. ಬರೆದೂ ನೋಡಿದೆ. ಕೈ ಎತ್ತಿಸಿದ ತಕ್ಷಣ ಅವಳು ಬೇರೆ ಯಾರೋ ಆಗಿಬಿಟ್ಳು. ಆ ಸಮಾಧಾನ ಇರೋದೇ ಕೈಯಲ್ಲಿ. ಅದಕ್ಕೆ ಲೋಟ ಪಕ್ಕಕ್ಕಿಟ್ಟೆ."

ಇಷ್ಟು ಹೇಳಬಲ್ಲವನು ಮಾಡಿದ್ದನ್ನು ಕಾಪಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮೂಲ ಎಂದರೆ ಒಂದೇ ಒಂದು, ಉಳಿದದ್ದೆಲ್ಲ ಅದರ ನೆರಳು ಎಂಬ ನಂಬಿಕೆ ಇದೆಯಲ್ಲ, ಮೋನಾಲಿಸಾ ವಿಷಯದಲ್ಲೇ ಅದು ಪೂರ್ತಿ ನಿಲ್ಲುವುದಿಲ್ಲ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿ ಇನ್ನೊಬ್ಬ ಮೋನಾಲಿಸಾ ಇದ್ದಾಳೆ. ಬಹಳ ಕಾಲ ಅದನ್ನು ಯಾರೋ ಆಮೇಲೆ ಮಾಡಿದ ನಕಲು ಅಂದುಕೊಂಡಿದ್ದರು. 2012ರ ಹೊತ್ತಿಗೆ ಅದನ್ನು ತೊಳೆದು, ಬಣ್ಣದ ಕೆಳಗಿನ ಗೆರೆಗಳನ್ನು ಪರೀಕ್ಷೆ ಮಾಡಿದರು. ಲಿಯೊನಾರ್ಡೊ ತನ್ನ ಚಿತ್ರದಲ್ಲಿ ಬರೆಯುತ್ತಾ ಬರೆಯುತ್ತಾ ಮಾಡಿಕೊಂಡ ಬದಲಾವಣೆಗಳೇ ಇದರ ಕೆಳಗೂ ಕಂಡವು. ಅಂದರೆ ಅವನ ಕಾರ್ಯಾಗಾರದಲ್ಲಿ, ಅವನು ಬರೆಯುತ್ತಿದ್ದಾಗಲೇ, ಪಕ್ಕದಲ್ಲಿ ಇನ್ನೊಬ್ಬರು ಬರೆಯುತ್ತಿದ್ದರು. ಎರಡೂ ಒಟ್ಟಿಗೇ ಹುಟ್ಟಿದವು.

ಕೊಪ್ಪ, ಶೃಂಗೇರಿ ಕಡೆ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ, ಕೇಳಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಭಾಗವತರು ಹಾಡುವ ಪದ್ಯ ಹಳೆಯದು. ಅದು ಎಲ್ಲರಿಗೂ ಗೊತ್ತು, ಕೆಲವರಿಗೆ ಬಾಯಿಪಾಠ. ಅರ್ಥಧಾರಿ ಅದಕ್ಕೆ ಹೇಳುವ ಅರ್ಥ ಮಾತ್ರ ಅವನದು, ಆ ರಾತ್ರಿಯದು. ಒಂದೇ ಪದ್ಯಕ್ಕೆ ಇಬ್ಬರು ಕರ್ಣನಾಗಿ ಮಾತಾಡಿದರೆ ಇಬ್ಬರು ಕರ್ಣರು ಹುಟ್ಟುತ್ತಾರೆ. ಒಬ್ಬ ಕುಂತಿಯ ಮೇಲೆ ಸಿಟ್ಟಾಗುತ್ತಾನೆ, ಇನ್ನೊಬ್ಬ ಅವಳ ಕಷ್ಟ ನೋಡಿ ತಾನೇ ಕುಗ್ಗುತ್ತಾನೆ. ಯಾರೂ ಎದ್ದು ನಿಂತು "ಇದು ಕಾಪಿ" ಅನ್ನುವುದಿಲ್ಲ. ಹಾಗಂತ ಪದ್ಯದಲ್ಲಿ ಏನಿದೆ ಎಂದು ತಿಳಿಯದೆ ಬಾಯಿಗೆ ಬಂದಿದ್ದು ಮಾತಾಡಿದರೆ, ಹಿಂದಿನ ಸಾಲಿನಲ್ಲಿ ಶಾಲು ಹೊದ್ದು ತೂಕಡಿಸುತ್ತಿರುವ ಅಜ್ಜನಿಗೂ ಗೊತ್ತಾಗಿಬಿಡುತ್ತದೆ. ಚಿತ್ರದಲ್ಲೂ ಹೀಗೇ. ಹಳೆಯ ಚಿತ್ರ ಪದ್ಯ. ಹೊಸದಾಗಿ ಬರೆಯುವವರು ಹೇಳುವುದು ಅರ್ಥ.

ವಿನ್ಸೆಂಟ್ ವ್ಯಾನ್ ಗಾಗ್ ಇದನ್ನೇ ಸಂಗೀತದ ಹೋಲಿಕೆ ಕೊಟ್ಟು ತನ್ನ ತಮ್ಮನಿಗೆ ಬರೆದಿದ್ದ. 1889ರಲ್ಲಿ ಅವನು ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಗೆ ತಾನಾಗಿಯೇ ಸೇರಿದ್ದ. ಹೊರಗೆ ಹೋಗಿ ಬರೆಯಲಾಗದ ದಿನಗಳು ಬಂದವು. ಎದುರು ಕೂರಿಸಿಕೊಂಡು ಬರೆಯಲು ಜನ ಇರಲಿಲ್ಲ. ಆಗ ಅವನು ತನಗೆ ತುಂಬಾ ಇಷ್ಟದ ಕಲಾವಿದ ಮಿಲೆಯ ಚಿತ್ರಗಳ ಕಪ್ಪುಬಿಳುಪು ಅಚ್ಚುಗಳನ್ನು ಎದುರಿಗಿಟ್ಟುಕೊಂಡು ಬರೆಯತೊಡಗಿದ. ಆ ಚಳಿಗಾಲ ಮುಗಿಯುವುದರೊಳಗೆ ಮಿಲೆಯಿಂದ ತೆಗೆದುಕೊಂಡ 21 ಚಿತ್ರ ಆಗಿದ್ದವು. ಬೀಥೋವನ್‌ನ ರಚನೆಯನ್ನು ಇನ್ನೊಬ್ಬ ನುಡಿಸಿದಾಗ ನುಡಿಸಿದವನ ಮನಸ್ಸೂ ಅದರಲ್ಲಿ ಸೇರುತ್ತದೆ, ಚಿತ್ರದಲ್ಲಿ ಮಾತ್ರ ಅದು ಯಾಕೆ ತಪ್ಪು ಎಂಬುದು ಅವನ ವಾದ. ತಾನು ಮಾಡುತ್ತಿರುವುದು ಬಣ್ಣದ ಭಾಷೆಗೆ ಅನುವಾದ ಎಂದೂ ಹೇಳಿಕೊಂಡ.

ಅದರಲ್ಲಿ ಒಂದು ಚಿತ್ರ ನನಗೆ ತುಂಬಾ ಹತ್ತಿರದ್ದು. 'ಮೊದಲ ಹೆಜ್ಜೆಗಳು', 1890ರ ಜನವರಿಯದ್ದು. ರೈತನೊಬ್ಬ ಗುದ್ದಲಿ ಬಿಟ್ಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಚಾಚಿದ್ದಾನೆ. ಎದುರಿಗೆ ತಾಯಿ ಬಗ್ಗಿ, ಪುಟ್ಟ ಮಗುವನ್ನು ಹಿಂದಿನಿಂದ ಹಿಡಿದಿದ್ದಾಳೆ. ಮಗು ಇನ್ನೂ ಹೆಜ್ಜೆ ಎತ್ತಿಲ್ಲ. ವ್ಯಾನ್ ಗಾಗ್ ಎದುರಿಗಿದ್ದ ಮಿಲೆಯ ಚಿತ್ರದ ಫೋಟೊದಲ್ಲಿ ಬಣ್ಣ ಇರಲಿಲ್ಲ. ವ್ಯಾನ್ ಗಾಗ್ ಅದಕ್ಕೆ ತಿಳಿ ಹಸಿರು, ನೀಲಿ ಹಾಕಿದ. ಬೇಲಿ, ಮರ, ನೆಲ ಎಲ್ಲವೂ ಗಾಳಿಯಲ್ಲಿ ಸುಳಿಯುವ ಹಾಗೆ ಬ್ರಷ್ ಎಳೆದ. ಆ ಹೊತ್ತಿಗೆ ತಮ್ಮ ತಿಯೊನ ಹೆಂಡತಿ ಬಸುರಿ. ಆಸ್ಪತ್ರೆಯಲ್ಲಿ ಒಬ್ಬನೇ ಕೂತ ದೊಡ್ಡಪ್ಪ ಅದನ್ನು ಬರೆಯುತ್ತಿದ್ದಾನೆ ಎಂದು ಗೊತ್ತಾದ ಮೇಲೆ ಆ ಚಾಚಿದ ಕೈಗಳನ್ನು ಬೇರೆ ರೀತಿ ನೋಡಲು ನನಗೆ ಆಗುವುದಿಲ್ಲ. ಇನ್ನೊಂದು ಸಂಗತಿ. ಮಿಲೆಯ ಚಿತ್ರದ ಫೋಟೊ ಮೇಲೆ ಅವನು ಚೌಕ ಹಾಕಿ, ಅದೇ ಚೌಕಗಳನ್ನು ಕ್ಯಾನ್ವಾಸಿನ ಮೇಲೆ ದೊಡ್ಡದು ಮಾಡಿಕೊಂಡು ಇಳಿಸಿದ. ನಮ್ಮ ಡ್ರಾಯಿಂಗ್ ಮೇಷ್ಟ್ರು ಹೇಳಿಕೊಟ್ಟಿದ್ದು ಇದೇ. ಹಾಸನದ ಸಾರುವೆ ಮೇಲೆ ಕೂತ ಹುಡುಗನ ಕೈಯಲ್ಲಿದ್ದ ಕಾಗದದ ಮೇಲೂ ಇದ್ದಿದ್ದು ಪೆನ್ಸಿಲ್ ಚೌಕಗಳೇ.

ನಮ್ಮವರೂ ಹೀಗೇ ಕಲಿತರು. ಮೈಸೂರಿನ ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿಯುತ್ತಿದ್ದ ಕಾಲದಲ್ಲಿ ಅಜಂತಾಕ್ಕೆ ಹೋಗಿ, ಇಂಗ್ಲಿಷ್ ಕಲಾವಿದೆ ಲೇಡಿ ಹೆರಿಂಗ್‌ಹ್ಯಾಮ್ ತಂಡದ ಜೊತೆ ಗುಹೆಯ ಚಿತ್ರಗಳನ್ನು ನೋಡಿ ನೋಡಿ ಪ್ರತಿ ಮಾಡಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಗೋಡೆ ಚಿತ್ರ ಇದೆಯಲ್ಲ, ಶಾಲೆ ಪ್ರವಾಸದಲ್ಲಿ ನಾವೆಲ್ಲ ಅದರ ಮುಂದೆ ಸಾಲಾಗಿ ನಿಂತವರು. ಅದನ್ನೂ 19ನೇ ಶತಮಾನದಲ್ಲಿ ಮತ್ತೆ ಬರೆಸಿದ್ದಾರೆ, ಬರೆಸಿದವನು ಗವರ್ನರ್ ಜನರಲ್ ಡಾಲ್‌ಹೌಸಿ. ಅಂದರೆ ಟಿಪ್ಪುವಿನ ಕಾಲದ್ದು ಎಂದು ನಾವು ನೋಡುವ ಆ ಗೋಡೆಯಲ್ಲೂ ಆಮೇಲಿನ ಕೈ ಸೇರಿದೆ.

ಪ್ರತಿ ಮಾಡಿ ಕಲಿಯುವುದು ಒಂದು. ಹಳೆಯ ಚಿತ್ರಕ್ಕೆ ಪ್ರಶ್ನೆ ಕೇಳುವುದು ಇನ್ನೊಂದು. ಪಿಕಾಸೊ 1957ರಲ್ಲಿ ಸ್ಪೇನಿನ ಹಳೆಯ ಕಲಾವಿದ ವೆಲಾಸ್ಕೆಸ್‌ನ 'ಲಾಸ್ ಮೆನಿನಾಸ್' ಹಿಡಿದುಕೊಂಡು ಕೆಲವೇ ತಿಂಗಳಲ್ಲಿ 58 ಚಿತ್ರಗಳ ಸರಣಿ ಮಾಡಿದ. ಫ್ರಾನ್ಸಿಸ್ ಬೇಕನ್ ಅದೇ ವೆಲಾಸ್ಕೆಸ್ ಬರೆದ ಗಂಭೀರ ಪೋಪ್‌ನನ್ನು 1953ರಲ್ಲಿ ಬಾಯಿ ತೆರೆದು ಕಿರುಚುವಂತೆ ಮಾಡಿದ. ಅಮೆರಿಕದ ಕಲಾವಿದ ಕೆಹಿಂಡೆ ವೈಲಿ 2005ರಲ್ಲಿ ಮಾಡಿದ್ದು ನಮಗೆ ಇನ್ನೂ ಬೇಗ ಅರ್ಥ ಆಗುತ್ತದೆ. ಹಿಂಗಾಲ ಮೇಲೆ ಎದ್ದ ಬಿಳಿ ಕುದುರೆ ಮೇಲೆ ನೆಪೋಲಿಯನ್ ಆಲ್ಪ್ಸ್ ದಾಟುವ, ಫ್ರೆಂಚ್ ಕಲಾವಿದ ದಾವಿದ್‌ನ ಚಿತ್ರ ಪ್ರಸಿದ್ಧ. ವೈಲಿ ಅದೇ ಕುದುರೆ, ಅದೇ ಹಾರುವ ಮೇಲುಹೊದಿಕೆ ಇಟ್ಟುಕೊಂಡು, ಮೇಲೆ ಇವತ್ತಿನ ಕಪ್ಪು ಯುವಕನೊಬ್ಬನನ್ನು ಕೂರಿಸಿದ. ದಾವಿದ್‌ನ ಚಿತ್ರದಲ್ಲಿ ಕೆಳಗಿನ ಬಂಡೆಯ ಮೇಲೆ ಬೊನಾಪಾರ್ಟೆ, ಹ್ಯಾನಿಬಲ್ ಹೆಸರು ಕೆತ್ತಿದಂತಿದೆ. ವೈಲಿ ಆ ಸಾಲಿಗೆ ವಿಲಿಯಮ್ಸ್ ಎಂಬ ಆ ಹುಡುಗನ ಹೆಸರನ್ನೂ ಸೇರಿಸಿದ. ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜಾಗದಲ್ಲಿ ನಿಲ್ಲಿಸಿ ಭಾರತ ಹೇಳಿದ್ದನ್ನು ಓದಿಕೊಂಡು ಬಂದವರು ನಾವು. ಹಳೆಯ ಕಥೆಯಲ್ಲಿ ಇವತ್ತಿನ ಮುಖ ಇಡುವುದು ನಮಗೆ ಹೊಸ ವಿದ್ಯೆಯಲ್ಲ. ಪಂಪ ಇಟ್ಟಿದ್ದು ದೊರೆಯ ಮುಖ, ವೈಲಿ ಇಟ್ಟಿದ್ದು ಯಾರೂ ಕುದುರೆ ಮೇಲೆ ಕೂರಿಸದವನ ಮುಖ. ವ್ಯತ್ಯಾಸ ಇರುವುದು ಅಲ್ಲಿ.

ಭಾರತದಲ್ಲಿ ಇಂಥ ಮರುರೂಪಗಳು ಅತಿ ಹೆಚ್ಚು ಬಂದಿರುವುದು ರಾಜಾ ರವಿವರ್ಮನ ಚಿತ್ರಗಳಿಗೇ ಇರಬೇಕು. ಅದಕ್ಕೆ ಕಾರಣವೂ ಇದೆ. 1894ರಲ್ಲಿ ಶುರುವಾದ ಅವನ ಮುದ್ರಣಾಲಯದಿಂದ ಲಕ್ಷ್ಮಿ, ಸರಸ್ವತಿ ಅಚ್ಚಾಗಿ ಮನೆಮನೆ ಸೇರಿದರು. ನಮ್ಮಜ್ಜಿಯ ದೇವರ ಮನೆಯಲ್ಲಿ ಕಟ್ಟು ಹಾಕಿಸಿದ ಆ ಲಕ್ಷ್ಮಿಯ ಪಟ ಇತ್ತು. ಗಾಜಿನ ಒಳಗೆ ಕುಂಕುಮದ ಪುಡಿ ಇಳಿದು ಆನೆಯ ಕಾಲು ಕೆಂಪಾಗಿತ್ತು. ಅಜ್ಜಿಗೆ ಅದು ಚಿತ್ರ ಅಲ್ಲ, ಲಕ್ಷ್ಮಿಯೇ. ಹೀಗೆ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತ ಚಿತ್ರವನ್ನು ಅಲ್ಲಾಡಿಸಿದಾಗ ಮಾತ್ರ ಅಲ್ಲಾಡಿಸಿದ್ದು ಎಲ್ಲರಿಗೂ ತಿಳಿಯುತ್ತದೆ.

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಫೋಟೊ ಸರಣಿಯಲ್ಲಿ ತಾವೇ ರವಿವರ್ಮನ ಲಕ್ಷ್ಮಿಯಾಗಿ, ಬೆಳದಿಂಗಳ ಹೆಂಗಸಾಗಿ ವೇಷ ಹಾಕಿ ನಿಂತರು. ದೇವತೆಯ ಚಿತ್ರದ ಹಿಂದೆ ಒಬ್ಬ ನಿಜವಾದ ಹೆಂಗಸು ನಿಂತಿರುತ್ತಾಳೆ, ಯಾರೋ ಅವಳಿಗೆ ಹೀಗೆ ನಿಲ್ಲು ಅಂದಿರುತ್ತಾರೆ ಎಂಬುದು ಆ ಫೋಟೊ ನೋಡಿದ ಮೇಲೆ ಮರೆಯುವುದಿಲ್ಲ. ಕಲಾವಿದೆ ನಳಿನಿ ಮಲಾನಿ 2003ರಲ್ಲಿ ಇನ್ನೂ ತೀಕ್ಷ್ಣವಾಗಿ ಮಾತಾಡಿದರು. ರವಿವರ್ಮ ಬೇರೆ ಬೇರೆ ಪ್ರಾಂತ್ಯದ ಹೆಂಗಸರನ್ನು ಒಟ್ಟಿಗೆ ಕೂರಿಸಿ ವಾದ್ಯ ನುಡಿಸುವಂತೆ ಬರೆದ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ಹಾಸನದಿಂದ ಬಸ್ಸಿನಲ್ಲಿ ಮೂರು ತಾಸಿನ ದಾರಿ. ಆ ಹೆಂಗಸರನ್ನೇ ತೆಗೆದುಕೊಂಡು ಮಲಾನಿ ವಿಡಿಯೊ ಮಾಡಿದರು. ಅದರ ನಡುವೆ ಗುಂಡಿನ ಸದ್ದು ಬರುತ್ತದೆ, 2002ರ ಗುಜರಾತಿನ ಹಿಂಸೆ ಬರುತ್ತದೆ. ಎಲ್ಲರೂ ಒಟ್ಟಿಗೆ ಕೂತ ಆ ಚಂದದ ಚಿತ್ರ ಎಲ್ಲಿ ಹೋಯಿತು ಎಂದು ಕೇಳಲು ರವಿವರ್ಮನ ಚಿತ್ರವೇ ಬೇಕಿತ್ತು. ಹೊಸದಾಗಿ ಒಂದು ಚಿತ್ರ ಬರೆದು ಆ ಪ್ರಶ್ನೆ ಅಷ್ಟು ಗಟ್ಟಿಯಾಗಿ ಕೇಳಲು ಆಗುತ್ತಿರಲಿಲ್ಲ.

ಅದೇ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆ. ಅದನ್ನು ನೋಡದ ಕನ್ನಡಿಗರು ಕಡಿಮೆ. ಕ್ಯಾಲೆಂಡರ್, ಗೋಡೆ ಗಡಿಯಾರ, ಗಂಧದ ಕಡ್ಡಿ ಡಬ್ಬ, ಎಲ್ಲಾ ಕಡೆ ಅವಳೇ. ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ "ರವಿವರ್ಮಂದು" ಎನ್ನುತ್ತಾರೆ. ಅದು ರವಿವರ್ಮನದ್ದಲ್ಲ. ಸಾವಂತವಾಡಿಯ ಎಸ್. ಎಲ್. ಹಲ್ದಣ್‌ಕರ್ ಬರೆದದ್ದು, ಅದೂ ಎಣ್ಣೆ ಬಣ್ಣದಲ್ಲಿ ಅಲ್ಲ, ಜಲವರ್ಣದಲ್ಲಿ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಒಂದು ಚಿತ್ರ ಇಷ್ಟು ಕೈ ದಾಟುವಾಗ ಬರೆದವರ ಹೆಸರು ದಾರಿಯಲ್ಲೇ ಬಿದ್ದುಹೋಯಿತು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಈ ಚಿತ್ರಕ್ಕೆ ಈಗ ಬರುತ್ತಿರುವ ಹೊಸ ರೂಪಗಳಲ್ಲಿ ದೀಪದ ಜಾಗಕ್ಕೆ ಮೊಬೈಲ್ ಬಂದಿದೆ. ಅಂಥ ಮೂರ್ನಾಲ್ಕು ನೋಡಿದ್ದೇನೆ. ಯೋಚನೆ ಒಳ್ಳೆಯದೇ. ಅವಳ ಮುಖ ಬೆಳಗುವುದು ಇವತ್ತು ಫೋನಿನ ಬೆಳಕಲ್ಲೇ ಅಲ್ವಾ. ಆದರೆ ಮೂಲ ಚಿತ್ರದ ಜೀವ ಇರುವುದು ಬೆಳಕಿನಲ್ಲಿ. ದೀಪಕ್ಕೆ ಅಡ್ಡ ಹಿಡಿದ ಕೈಯ ಬೆರಳ ಸಂದಿನಲ್ಲಿ ಬೆಳಕು ಕೆಂಪಾಗಿ ಸೋರುತ್ತದೆ, ಅಲ್ಲಿಂದ ಮುಖಕ್ಕೆ ಹಳದಿ ಏರುತ್ತದೆ, ಸೀರೆ ಕತ್ತಲಿಗೆ ಇಳಿಯುತ್ತದೆ. ಫೋನ್ ಇಟ್ಟ ಮೇಲೆ ಆ ಬೆಳಕು ತಣ್ಣಗೆ, ನೀಲಿಗೆ ತಿರುಗಬೇಕು. ಕೈ ಅಡ್ಡ ಹಿಡಿಯುವ ಕಾರಣವೇ ಇಲ್ಲ, ಗಾಳಿಗೆ ಫೋನ್ ಆರುವುದಿಲ್ಲ. ನಾನು ನೋಡಿದ ಹೆಚ್ಚಿನವುಗಳಲ್ಲಿ ಫೋನ್ ಮಾತ್ರ ಹೊಸದು, ಬೆಳಕು ಹಳೆಯ ದೀಪದ್ದೇ. ಒಂದರಲ್ಲಿ ಮಾತ್ರ ಬರೆದವರು ಮುಖವನ್ನು ನೀಲಿ ಮಾಡಿ, ಅಡ್ಡ ಹಿಡಿದ ಕೈಯನ್ನು ಹಾಗೇ ಬಿಟ್ಟಿದ್ದರು. ಆರದ ಬೆಳಕನ್ನು ಅವಳು ಯಾರಿಂದಲೋ ಮುಚ್ಚಿಡುತ್ತಿರುವಂತೆ ಕಾಣುತ್ತಿತ್ತು. ಅದರ ಮುಂದೆ ಬಹಳ ಹೊತ್ತು ನಿಂತೆ.

ಎಐ ಬಗ್ಗೆ ನನ್ನ ತಕರಾರು ಹುಟ್ಟುವುದೂ ಇಲ್ಲಿಂದಲೇ. ಸಕಲೇಶಪುರದ ಹತ್ತಿರ ಒಂದು ಹೋಂಸ್ಟೇಯಲ್ಲಿ ಡಚ್ ಕಲಾವಿದ ವರ್ಮೀರ್‌ನ 'ಮುತ್ತಿನ ಓಲೆಯ ಹುಡುಗಿ'ಯನ್ನು ಮಲೆನಾಡಿನ ಹುಡುಗಿ ಮಾಡಿ ಅಚ್ಚು ಹಾಕಿಸಿದ್ದರು. ಎಐ ಮಾಡಿದ್ದು ಎಂದು ಅವರೇ ಹೇಳಿದರು. ಹಸಿರು ರವಿಕೆ, ತಲೆಗೆ ಮಲ್ಲಿಗೆ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಮೂಲದಲ್ಲಿ ಆ ಮುತ್ತು ಎಂದರೆ ಹೆಚ್ಚು ಕಡಿಮೆ ಎರಡು ಬಿಳಿ ಬಣ್ಣದ ಸ್ಪರ್ಶ. ಮೇಲಿನದು ಬೆಳಕಿನ ಹೊಳಪು, ಕೆಳಗಿನದು ಅವಳ ಬಿಳಿ ಕೊರಳುಪಟ್ಟಿ ಮುತ್ತಿನಲ್ಲಿ ಕಾಣುವುದು. ಓಲೆಗೆ ಕೊಕ್ಕೆ ಕೂಡ ಬರೆದಿಲ್ಲ ಅವನು. ಈ ಅಚ್ಚಿನಲ್ಲಿ ರವಿಕೆ ಹಸಿರಾಗಿದೆ, ಮುತ್ತಿನ ಕೆಳಗೆ ಬಿಳಿಯೇ ಉಳಿದಿದೆ. ಲಕ್ಷಾಂತರ ಚಿತ್ರಗಳಿಂದ ಕಲಿತ ಯಂತ್ರ ಮುತ್ತು ಹೇಗಿರುತ್ತದೆ ಎಂದು ತಿಳಿದಿದೆ, ಈ ಮುತ್ತು ಹೀಗೆ ಯಾಕಿದೆ ಎಂದು ಯಾರೂ ಕೇಳಿಕೊಂಡಿಲ್ಲ. ಕೇಳಿಕೊಳ್ಳಬೇಕಾಗಿದ್ದು ಅದನ್ನು ಮಾಡಿಸಿದ ಮನುಷ್ಯ.

ಇದೇ ಹುಡುಗಿಯ ಸುತ್ತ ದೊಡ್ಡ ಜಗಳವೂ ಆಯಿತು. 2023ರಲ್ಲಿ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂ ಆ ಚಿತ್ರವನ್ನು ಆಮ್‌ಸ್ಟರ್‌ಡ್ಯಾಮ್‌ನ ಪ್ರದರ್ಶನಕ್ಕೆ ಕಳಿಸಿತು. ಖಾಲಿಯಾದ ಜಾಗಕ್ಕೆ ನಿಮ್ಮ ನಿಮ್ಮ ಹುಡುಗಿಯನ್ನು ಮಾಡಿ ಕಳಿಸಿ ಎಂದು ಜನರನ್ನು ಕೇಳಿತು. ಮೂರು ಸಾವಿರಕ್ಕೂ ಹೆಚ್ಚು ಬಂದವು. ಆರಿಸಿ ತೂಗುಹಾಕಿದ ಕೆಲವೇ ಚಿತ್ರಗಳಲ್ಲಿ ಒಂದು ಎಐ ಮಾಡಿದ್ದು. ಕೈಯಲ್ಲಿ ಬರೆದ ಸಾವಿರಾರು ಜನರನ್ನು ಬಿಟ್ಟು ಇದನ್ನು ಯಾಕೆ ಎಂದು ಕಲಾವಿದರು ಸಿಟ್ಟಾದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹಾಗಂತ ಎಐ ಮುಟ್ಟಿದವರೆಲ್ಲ ಕಳ್ಳರು ಎಂದು ನಾನು ಹೇಳುವುದಿಲ್ಲ. ಅದನ್ನು ಇಟ್ಟುಕೊಂಡೇ ಮುತ್ತಿನ ಕೆಳಗಿನ ಹೊಳಪಿಗೆ ಹಸಿರು ತರುವವರೂ ಬರುತ್ತಾರೆ. ಅವರು ಚಿತ್ರ ನೋಡಿರುತ್ತಾರೆ.

ನೋಡಿದರೆ ಸಾಕಾ ಎಂದು ಯಾರಾದರೂ ಕೇಳಬಹುದು. ಖೋಟಾ ಚಿತ್ರ ಮಾಡುವವರು ಎಲ್ಲರಿಗಿಂತ ಜಾಸ್ತಿ ನೋಡಿರುತ್ತಾರಲ್ಲ? ನಿಜ. ಡಚ್ಚರವನು ಹಾನ್ ವಾನ್ ಮೇಗರೆನ್ ತಾನೇ ಬರೆದ ಚಿತ್ರಗಳನ್ನು ವರ್ಮೀರ್‌ನದ್ದು ಎಂದು ಮಾರಿದ. ಅದರಲ್ಲಿ ಒಂದು ನಾಜಿ ನಾಯಕ ಗೋರಿಂಗ್‌ನ ಸಂಗ್ರಹ ಸೇರಿತ್ತು. ಅವನ ಕಣ್ಣು ಚುರುಕಾಗಿತ್ತು, ತಪ್ಪು ಇದ್ದಿದ್ದು ಹೆಸರಿನಲ್ಲಿ. ಹಾಗಾಗಿ ನೋಡುವುದರ ಜೊತೆಗೆ ಇನ್ನೊಂದು ಬೇಕು. ಯಾರದ್ದರಿಂದ ತೆಗೆದುಕೊಂಡೆ, ಬರೆದವನು ನಾನು, ಎರಡೂ ತೆರೆದಿರಬೇಕು.

ಶ್ರವಣಬೆಳಗೊಳದ ಜೈನ ಮಠದ ಗೋಡೆಗಳ ಮೇಲೆ ಹಳೆಯ ಚಿತ್ರಗಳಿವೆ. ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಬಂದವರಲ್ಲಿ ಎಷ್ಟೋ ಜನ ಕೆಳಗಿನ ಮಠಕ್ಕೆ ಹೋಗದೆ ಬಸ್ ಹತ್ತಿಬಿಡುತ್ತಾರೆ. ದಯವಿಟ್ಟು ಹೋಗಿ. ತೀರ್ಥಂಕರರ ಕಥೆಗಳ ಜೊತೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರೂ ಅಲ್ಲಿದೆ. ಅದೇ ಗೋಡೆಯಲ್ಲಿ ಒಂದು ಮರ, ಆರು ಜನರ ಚಿತ್ರ ಇದೆ. ಜೈನರು ಹೇಳುವ ಆರು ಲೇಶ್ಯೆಗಳು, ಅಂದರೆ ಮನಸ್ಸಿನ ಆರು ಬಣ್ಣಗಳು. ಆರು ಜನ ಹಸಿದು ಹಣ್ಣಿನ ಮರದ ಹತ್ತಿರ ಬರುತ್ತಾರೆ. ಒಬ್ಬ ಬುಡಕ್ಕೇ ಕೊಡಲಿ ಹಾಕೋಣ ಎನ್ನುತ್ತಾನೆ. ಒಬ್ಬ ದೊಡ್ಡ ಕೊಂಬೆ ಕಡಿಯೋಣ ಎನ್ನುತ್ತಾನೆ, ಇನ್ನೊಬ್ಬ ಸಣ್ಣ ರೆಂಬೆ. ಒಬ್ಬನಿಗೆ ಗೊಂಚಲು ಸಾಕು, ಒಬ್ಬನಿಗೆ ಮಾಗಿದ ಹಣ್ಣು ಮಾತ್ರ ಸಾಕು. ಆರನೆಯವನು ಕೆಳಗೆ ಬಿದ್ದಿದ್ದನ್ನು ಆರಿಸಿಕೊಳ್ಳುತ್ತಾನೆ. ಮೊದಲನೆಯವನ ಬಣ್ಣ ಕಪ್ಪು, ಕೊನೆಯವನದು ಬಿಳಿ.

ಈ ಕಥೆಯ ಚಿತ್ರ ಶ್ರವಣಬೆಳಗೊಳದ್ದು ಮಾತ್ರ ಅಲ್ಲ. ಭಾರತದ ಬೇರೆ ಬೇರೆ ಕಡೆ ಜೈನ ಹಸ್ತಪ್ರತಿಗಳಲ್ಲಿ, ಬಸದಿಗಳಲ್ಲಿ ಇದೇ ಮರ, ಇದೇ ಆರು ಜನ ಬಂದಿದ್ದಾರೆ. ಬರೆದವರೆಲ್ಲ ಇನ್ನೊಬ್ಬರದನ್ನು ನೋಡಿ ಬರೆದವರೇ. ಹಳೆಯ ಚಿತ್ರದಿಂದ ತೆಗೆದುಕೊಳ್ಳುವವರನ್ನು ನೋಡಿದಾಗಲೆಲ್ಲ ನನಗೆ ಈ ಮರ ನೆನಪಾಗುತ್ತದೆ. ಹಲ್ದಣ್‌ಕರ್ ಹೆಸರು ಅಳಿಸಿ ಡಬ್ಬದ ಮೇಲೆ ಅಚ್ಚು ಹಾಕಿಸುವುದು ಬುಡಕ್ಕೆ ಕೊಡಲಿ ಇಟ್ಟ ಹಾಗೆ. ವ್ಯಾನ್ ಗಾಗ್ ಮಿಲೆಯಿಂದ ತೆಗೆದುಕೊಂಡಾಗ ಮಿಲೆಯ ಮರದಲ್ಲಿ ಒಂದು ಎಲೆಯೂ ಕಡಿಮೆ ಆಗಲಿಲ್ಲ.

ಇಷ್ಟು ಮಾತಾಡಿದ ಮೇಲೆ ಕಾನೂನು ಏನು ಹೇಳುತ್ತದೆ ಎಂದೂ ತಿಳಿದಿರಬೇಕು. ನಮ್ಮ ಕಡೆ ಗೋಡೆ ಬರೆಯುವ ಹುಡುಗರಿಗೆ ಇದು ಹೊಟ್ಟೆಪಾಡಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಚಿತ್ರದ ಮೇಲಿನ ಹಕ್ಕು ಕಲಾವಿದ ಬದುಕಿರುವವರೆಗೆ, ತೀರಿಕೊಂಡ ಮೇಲೆ 60 ವರ್ಷ. ತೀರಿಕೊಂಡ ಮರುವರ್ಷದ ಜನವರಿಯಿಂದ ಲೆಕ್ಕ. ಲಿಯೊನಾರ್ಡೊ, ವರ್ಮೀರ್, ವ್ಯಾನ್ ಗಾಗ್ ಎಲ್ಲರಿಗೂ ಸೇರಿದವರು. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ, ಅವನೂ ಎಲ್ಲರವನು. ಆದರೆ ದೀಪದ ಹೆಂಗಸನ್ನು ಬರೆದ ಹಲ್ದಣ್‌ಕರ್ ತೀರಿಕೊಂಡಿದ್ದು 1968ರಲ್ಲಿ. ಲೆಕ್ಕ ಹಾಕಿದರೆ 2028ರ ಕೊನೆಯವರೆಗೂ ಆ ಹಕ್ಕು ಇದೆ. ಪಿಕಾಸೊದು 2033ರವರೆಗೆ. ನಮ್ಮ ಕಲಾವಿದ ಕೆ. ಕೆ. ಹೆಬ್ಬಾರರು 1996ರಲ್ಲಿ ಹೋದವರು, ಅವರದು 2056ರವರೆಗೆ. ಹಳೆಯದಾಗಿ ಕಾಣುವ ಚಿತ್ರವೆಲ್ಲ ಬಿಟ್ಟಿ ಎಂದುಕೊಳ್ಳಬಾರದು. ಇದರ ಅರ್ಥ ಅದನ್ನು ನೋಡಿ ಏನೂ ಬರೆಯಬಾರದು ಎಂದಲ್ಲ. ಯೋಚನೆಗೆ, ವಿಷಯಕ್ಕೆ ಯಾರೂ ಹಕ್ಕು ಹಾಕಲು ಬರುವುದಿಲ್ಲ. ಚಿತ್ರವನ್ನೋ ಅದರ ಮುಖ್ಯ ಭಾಗವನ್ನೋ ಹಾಗೇ ಇಳಿಸಿ ಮಾರಿದರೆ ತೊಂದರೆ. ಎಷ್ಟು ಬದಲಾದರೆ ಹೊಸದು ಎಂಬುದಕ್ಕೆ ಗೆರೆ ಎಳೆದಂಥ ಅಳತೆಗೋಲು ಇಲ್ಲ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಗಾಯಕ ಪ್ರಿನ್ಸ್‌ನ ಫೋಟೊದಿಂದ ಆಂಡಿ ವಾರ್ಹೋಲ್ ಮಾಡಿದ ಚಿತ್ರವನ್ನು ಪತ್ರಿಕೆಗೆ ಕೊಟ್ಟ ಪ್ರಕರಣದಲ್ಲಿ ಫೋಟೊ ತೆಗೆದವರ ಪರ ನಿಂತಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಇಬ್ಬರು ಒಪ್ಪಲಿಲ್ಲ.

ನಮ್ಮ ಹುಡುಗರಿಗೆ ಇದಕ್ಕಿಂತ ಹತ್ತಿರದ ಒಂದು ಅಂಶ ಇದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರದ ಕೃತಿಸ್ವಾಮ್ಯ ಬರೆಸಿದವರಿಗೇ ಹೋಗುತ್ತದೆ, ಬೇರೆ ಕರಾರು ಇಲ್ಲದಿದ್ದರೆ. ಮುಳ್ಳಯ್ಯನಗಿರಿಯ ಮೋನಾಲಿಸಾ ಈಗ ಆ ಅಂಗಡಿಯ ಮಗ್ಗಿನ ಮೇಲಿದ್ದಾಳೆ, ಬಟ್ಟೆ ಚೀಲದ ಮೇಲಿದ್ದಾಳೆ. ಹುಡುಗನಿಗೆ ಸಿಕ್ಕಿದ್ದು ಚದರ ಅಡಿ ಲೆಕ್ಕದ ಕೂಲಿ ಮಾತ್ರ. ಕಾನೂನಿನ ಪ್ರಕಾರ ಅಂಗಡಿಯವರ ತಪ್ಪಿಲ್ಲ, ಕರಾರು ಮಾಡಿಕೊಂಡಿರಲಿಲ್ಲ. ಆದರೆ 57ನೇ ಸೆಕ್ಷನ್ ಇನ್ನೊಂದು ಹಕ್ಕು ಕೊಡುತ್ತದೆ. ಚಿತ್ರ ಮಾರಿದ ಮೇಲೂ, ಕೃತಿಸ್ವಾಮ್ಯ ಕೈಬಿಟ್ಟ ಮೇಲೂ, ಇದನ್ನು ಬರೆದವನು ನಾನು ಎಂದು ಹೇಳಿಕೊಳ್ಳುವ ಹಕ್ಕು ಕಲಾವಿದನಲ್ಲೇ ಉಳಿಯುತ್ತದೆ. ಹೆಸರಿಗೆ ಕುಂದು ಬರುವಂತೆ ಚಿತ್ರವನ್ನು ಕೆಡಿಸಿದರೆ ಕೇಳುವ ಹಕ್ಕೂ ಇದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ದೊಡ್ಡ ಕಂಚಿನ ಕೃತಿಯನ್ನು ಸರ್ಕಾರ ಕಿತ್ತು ಉಗ್ರಾಣಕ್ಕೆ ಹಾಕಿದಾಗ ಅವರು ಕೋರ್ಟಿಗೆ ಹೋಗಿ 2005ರಲ್ಲಿ ಗೆದ್ದದ್ದು ಈ ಸೆಕ್ಷನ್ ಹಿಡಿದೇ.

ಬೇಲೂರಿಗೆ ಹೋದಾಗ ದರ್ಪಣ ಸುಂದರಿಯ ಮುಂದೆ ಎಲ್ಲರೂ ನಿಲ್ಲುತ್ತೇವೆ. ಮದನಿಕೆಯರ ಪೀಠಗಳ ಮೇಲೆ ಅಲ್ಲಲ್ಲಿ ಅಕ್ಷರಗಳಿವೆ, ಅವನ್ನು ಓದಲು ಕತ್ತು ನೋಯುವಷ್ಟು ಮೇಲೆ ನೋಡಬೇಕು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ದೇವಸ್ಥಾನ ಪ್ರತಿಷ್ಠೆ ಆಗಿದ್ದು 1117ರಲ್ಲಿ. ಕೆತ್ತಿದ ವಿಷಯಗಳು ಅವರ ಸ್ವಂತದ್ದಲ್ಲ. ಕೈಲಾಸ ಎತ್ತುವ ರಾವಣನೂ ಸೇರಿ ಎಲ್ಲ ಆಗಲೇ ಎಷ್ಟೋ ಕೈ ದಾಟಿ ಬಂದವು. ದುಡ್ಡು ಕೊಟ್ಟಿದ್ದು ದೊರೆ. ಆದರೂ ಕಲ್ಲಿನ ಮೇಲೆ ಕೆತ್ತಿದವರ ಹೆಸರು ಇದೆ, ಒಂಬೈನೂರು ವರ್ಷದಿಂದ ಇದೆ.

ಇದನ್ನು ಸಾರುವೆ ಮೇಲೆ ಕೂತ ಹುಡುಗನಿಗೆ ಹೇಳಿದೆ. ಮುಂದಿನ ಕೆಲಸ ಮೂಡಿಗೆರೆ ಹತ್ತಿರದ ಹೋಂಸ್ಟೇಯಲ್ಲಿ, ವ್ಯಾನ್ ಗಾಗ್‌ನ ನಕ್ಷತ್ರಗಳ ರಾತ್ರಿ. ಮೂಲದಲ್ಲಿ ಎಡಕ್ಕೆ ಜ್ವಾಲೆಯ ಹಾಗೆ ಎದ್ದಿರುವ ಸೈಪ್ರೆಸ್ ಮರದ ಜಾಗಕ್ಕೆ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಬರೆಯುವುದು ಅವನ ಯೋಚನೆ. ಎರಡು ದಿನ ತೋಟದಲ್ಲೇ ಉಳಿದು ರಾತ್ರಿ ಹೊತ್ತು ಮರ ಹೇಗೆ ಕಾಣುತ್ತದೆ ಎಂದು ನೋಡಿ ಬಂದಿದ್ದ. "ಬಳ್ಳಿ ಇದ್ರೆ ಮರ ದಪ್ಪ ಕಾಣುತ್ತೆ ಸಾರ್, ಆ ಜ್ವಾಲೆ ಥರಾನೇ," ಅಂದ. ಆಮೇಲೆ ಫೋನ್ ತೆಗೆದು ಹೋಂಸ್ಟೇಯವರಿಗೆ ವಾಟ್ಸಾಪ್ ಮಾಡಿದ. ಕೆಳಗೆ ಬಲಗಡೆ ಮೂಲೆಯಲ್ಲಿ ವ್ಯಾನ್ ಗಾಗ್ ಹೆಸರೂ ನನ್ನ ಹೆಸರೂ ಹಾಕ್ತೀನಿ, ಮಗ್ಗಿಗೆ ಬಳಸಿದ್ರೂ ಹೆಸರು ಇರಲಿ ಸಾರ್, ಎಂದು. ಬಣ್ಣ ಕಲೆಸುವ ಕೋಲು ಒರೆಸುತ್ತಾ ಕಾದ. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಆಯ್ತು. ಎಷ್ಟು ದೊಡ್ಡದಾಗಿ?"

ಅವನು ಗೋಡೆಯ ಮೇಲೆ ಬೆರಳಲ್ಲಿ ಅಳತೆ ಮಾಡಿ ನೋಡಿದ. ಎರಡು ಗೇಣು ಇತ್ತು. ಸ್ವಲ್ಪ ಯೋಚಿಸಿ ಒಂದು ಗೇಣು ಎಂದು ಟೈಪ್ ಮಾಡಿದ.